ಆಜಿ ಊರಿಗೆ ಹೋಗಿಲ್ಲ

ಶ್ವೇತಾಳ ಅಮ್ಮನಿಗೆ,

ಹೀಗೆ ಬರೆದದ್ದು ನೋಡಿ ನಿನಗೆ ನಗು ಬರಬಹುದು. ಮೂವತ್ತಾರು ವರ್ಷ ಒಂದೇ ಸೂರಿನಡಿ ಇದ್ದು ನಿನ್ನನ್ನು ಹೆಸರು ಹಿಡಿದು ಕರೆದದ್ದು ಎಷ್ಟು ಸಲ? "ಇಕೊ" ಅಂದರೆ ಸಾಕಿತ್ತು, ಅಡುಗೆಮನೆಯಿಂದ ನೀನು ತಿರುಗಿ ನೋಡುತ್ತಿದ್ದೆ. ಕಾಗದದಲ್ಲಿ ಹಾಗೆ ಕರೆಯಲಾಗುವುದಿಲ್ಲ. ವಾರಿಜಾ ಎಂದೇ ಬರೆಯುತ್ತೇನೆ. ನಾವಿಬ್ಬರೂ ಮಾತಾಡಿದ್ದೆಲ್ಲ ತುಳುವಿನಲ್ಲಿ, ಆದರೆ ಪೆನ್ನು ಹಿಡಿದ ಕೂಡಲೇ ನನ್ನ ಕೈ ಕನ್ನಡಕ್ಕೆ ಹೊರಳುತ್ತದೆ. ಹೋಟೆಲಿನ ಕೆಲಸ ಮುಗಿಸಿ ನೈಟ್ ಸ್ಕೂಲಿನ ಬೆಂಚಿನಲ್ಲಿ ತೂಕಡಿಸುತ್ತಾ ಕಲಿತ ಕನ್ನಡ ಇದು. ತಪ್ಪಿದ್ದರೆ ತಿದ್ದಿಕೊಂಡು ಓದು. ನೀನು ಹೋಗಿ ಒಂದು ವರ್ಷ ಎರಡು ತಿಂಗಳಾಯಿತು.

ಬಾಂದ್ರಾದ ಆ ತರಬೇತಿಗೆ ನೀನು ಮೊದಲ ಸಲ ಹೋಗಿ ಬಂದ ಶನಿವಾರ ಮತ್ತೆ ಮತ್ತೆ ನೆನಪಾಗುತ್ತದೆ. ಪಾಳಣಾಘರ್ ನಡೆಸುವವರಿಗೆಂದೇ ಇದ್ದ ಎಂಟು ಶನಿವಾರದ ತರಗತಿ. ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನ ತಳಮಹಡಿಯ ಎರಡು ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ, ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಬೆಳಗಿನಿಂದ ಸಂಜೆಯವರೆಗೆ ನೋಡಿಕೊಂಡವಳು ನೀನು. ನಿನಗೆ ಇನ್ನೇನು ಕಲಿಯಲಿಕ್ಕೆ ಉಳಿದಿದೆ ಅಂತ ನನಗೆ ಅನಿಸಿತ್ತು. ಚಪ್ಪಲಿ ಬಿಚ್ಚುವ ಮೊದಲೇ ನೀನು ಹೇಳಿದೆ, "ಕೇಳಿದ್ರಾ, ನಾನು ಇಷ್ಟು ವರ್ಷ ಸಣ್ಣ ಮಕ್ಕಳನ್ನು ಕವುಚಿ ಮಲಗಿಸಿದ್ದು ತಪ್ಪಂತೆ. ಅಂಗಾತವೇ ಮಲಗಿಸಬೇಕಂತೆ." ನಾನು ಪೇಪರಿನಿಂದ ತಲೆ ಎತ್ತದೆ ನಕ್ಕೆ. ಐವತ್ತೆಂಟನೇ ವಯಸ್ಸಿನಲ್ಲಿ ಮದುವೆಯಾಗದ ಹುಡುಗಿಯರ ಜೊತೆ ಕೂತು ಗೊಂಬೆಗೆ ಲಂಗೋಟಿ ಕಟ್ಟಲಿಕ್ಕೆ ಕಲಿಯುತ್ತೀಯಾ ಎಂದು ಕೇಳಿದೆ. ನಿನ್ನ ಮುಖ ಸಣ್ಣದಾಯಿತು. "ನಿಮಗೆ ನಗು ಬರ್ತದೆ. ನನಗೆ ಆಗಿನಿಂದ ಎದೆ ಹೊಡ್ಕೊಳ್ತಾ ಉಂಟು. ಏನಾದ್ರೂ ಆಗಿದ್ದಿದ್ರೆ?" ಎಂದು ಒಳಗೆ ಹೋದೆ ನೀನು. ಎದ್ದು ಬಂದು ಒಂದು ಮಾತು ಆಡಬಹುದಿತ್ತು ನಾನು. ಪೇಪರಿನಲ್ಲಿ ಅಂಥದ್ದು ಏನಿತ್ತು ಅಂತ ಈಗ ನೆನಪೂ ಇಲ್ಲ.

ಐದು ಶನಿವಾರ ಹೋದೆ. ಆರನೆಯದಕ್ಕೆ ಜ್ವರ. ಮಳೆಗಾಲದ ಜ್ವರ ಅಂತ ಇಬ್ಬರೂ ಅಂದುಕೊಂಡೆವು. ಅದು ನ್ಯುಮೋನಿಯಾ ಆಯಿತು, ಆಸ್ಪತ್ರೆಯಲ್ಲಿ ಆರು ದಿನ, ಆಮೇಲೆ... ನಿನಗೆ ಗೊತ್ತಿಲ್ಲದ್ದು ಅದರ ನಂತರದ್ದು. ಹದಿಮೂರನೆಯ ದಿನದ ಊಟವೆಲ್ಲ ಮುಗಿದ ಮರುದಿನ ಬೆಳಿಗ್ಗೆ ಬೆಲ್ ಆಯಿತು. ಬಾಗಿಲು ತೆಗೆದರೆ ನಾಲ್ಕನೇ ಮಹಡಿಯ ಪ್ರಾಚಿ, ಅವಳ ಕೈ ಹಿಡಿದುಕೊಂಡು ಮಗಳು ರೇವಾ. ಮೂರು ವರ್ಷದ ಮಗು ಎಂದಿನ ಹಾಗೆ ನೀರಿನ ಬಾಟಲಿ ಕೊರಳಿಗೆ ಹಾಕಿಕೊಂಡು ಬಂದಿತ್ತು. ಪಾಳಣಾಘರ್ ಇಲ್ಲ ಅಂದರೆ ಕೇಳುತ್ತಿಲ್ಲ, ಒಮ್ಮೆ ತೋರಿಸಿ ಕರೆದುಕೊಂಡು ಹೋಗುತ್ತೇನೆ ಅಂದಳು ಪ್ರಾಚಿ. ರೇವಾ ನನ್ನ ಕಾಲಿನ ಸಂದಿಯಿಂದ ಒಳಗೆ ಇಣುಕಿ, ಆಜಿ ಎಲ್ಲಿ ಎಂದು ಕೇಳಿದಳು. ಅಲ್ಲಿಯ ಎಲ್ಲ ಮಕ್ಕಳಿಗೂ ಅಜ್ಜಿಯಾದವಳು ನೀನು, ನಾನು ಅವರ ಆಜೋಬಾ. ನಾನು ಏನು ಹೇಳಲಿ ವಾರಿಜಾ? ಬಾಯಿಗೆ ಬಂದದ್ದು ಹೇಳಿದೆ. "ಆಜಿ ಗಾವಾಲಾ ಗೇಲಿ." ಆಜಿ ಊರಿಗೆ ಹೋಗಿದ್ದಾಳೆ. ಪ್ರಾಚಿ ಕಣ್ಣು ಒರೆಸಿಕೊಂಡು ತಲೆ ಆಡಿಸಿದಳು. ಮಗು ನಂಬಿತು. ನನಗೂ ಆ ಕ್ಷಣ ಎಷ್ಟು ಹಗುರವಾಯಿತು ಗೊತ್ತಾ, ನಿಜವಾಗಿಯೂ ನೀನು ಕಾಪುವಿನ ಕಡೆ ನಿನ್ನ ಅಕ್ಕನ ಮನೆಗೆ ಹೋಗಿ ಕೂತಿದ್ದೀಯ ಅನ್ನುವ ಹಾಗೆ.

ಬಾಂದ್ರಾಕ್ಕೆ ನಾನು ಹೋದದ್ದು ನಿನ್ನ ಫೈಲನ್ನು ವಾಪಸು ಕೊಡಲಿಕ್ಕೆ ಮಾತ್ರ. ಕೊಡಲೇಬೇಕು ಅಂತ ಯಾರೂ ಕೇಳಿರಲಿಲ್ಲ. ಮನೆಯಲ್ಲಿ ಕೂರಲಾಗದೆ ಒಂದು ನೆಪ ಬೇಕಿತ್ತು. ಮೆಟ್ರೋದಲ್ಲಿ ಅಂಧೇರಿ, ಅಲ್ಲಿಂದ ಸ್ಲೋ ಲೋಕಲ್. ನೀನು ಐದು ಸಲ ಹೋದ ದಾರಿಯಲ್ಲಿ ನಾನು ಒಮ್ಮೆಯೂ ನಿನ್ನ ಜೊತೆ ಬಂದಿರಲಿಲ್ಲ. ಕಲಿಸುವ ಲೀನಾ ಮಿಸ್ ನಮ್ಮ ಮಂಗಳೂರಿನವರು ಅಂತ ನೀನು ಹೇಳಿದ್ದೆ. ಅವರು ಫೈಲು ತೆಗೆದುಕೊಂಡು ನಿನ್ನ ಹೆಸರಿರುವ ಪುಟ ತೆರೆದು ನೋಡಿದರು. ಆಮೇಲೆ ಹೇಳಿದರು, ತರಗತಿಯಲ್ಲಿ ತನ್ನ ತಪ್ಪನ್ನು ಮೊದಲು ಎದ್ದು ನಿಂತು ಹೇಳಿದವಳು ನೀನೇ ಅಂತೆ, ನಿನ್ನನ್ನು ನೋಡಿ ಉಳಿದವರಿಗೂ ಬಾಯಿ ಬಂತಂತೆ. ನನಗೆ ತಲೆ ಎತ್ತಲಾಗಲಿಲ್ಲ. ಹೊರಡುವಾಗ ಅವರು, "ಅಂಕಲ್, ಅರ್ಜೆಂಟ್ ಇಲ್ಲದಿದ್ರೆ ಸ್ವಲ್ಪ ಕೂತುಕೊಳ್ಳಿ. ಇವತ್ತು ಇಬ್ಬಿಬ್ಬರು ಸೇರಿ ಮಾಡುವ ಪಾಠ, ಒಬ್ಬರು ಕಮ್ಮಿ ಉಂಟು" ಅಂದರು. ಕೂತೆ. ಮಗುವಿನ ಗಂಟಲಿಗೆ ಏನಾದರೂ ಸಿಕ್ಕಿಕೊಂಡರೆ ಮುಂಗೈ ಮೇಲೆ ತಲೆ ತಗ್ಗಿಸಿ ಮಲಗಿಸಿ ಬೆನ್ನಿನ ಮೇಲೆ ಎಲ್ಲಿ ತಟ್ಟಬೇಕು, ಎಷ್ಟು ಜೋರಾಗಿ. ರಬ್ಬರಿನ ಗೊಂಬೆ. ಮೂವತ್ತೆಂಟು ವರ್ಷ ದೋಸೆ ಕಾವಲಿಯ ಮುಂದೆ ನಿಂತ ಕೈ ನನ್ನದು, ಆ ಗೊಂಬೆಯನ್ನು ಎರಡು ಸಲ ಕೆಳಗೆ ಬೀಳಿಸಿತು.

ಮುಂದಿನ ಶನಿವಾರವೂ ಹೋದೆ. ಅದರ ಮುಂದಿನದಕ್ಕೂ. ಆಮೇಲೆ ಹೊಸ ಬ್ಯಾಚಿನಲ್ಲಿ ಹೆಸರು ಬರೆಸಿಯೇಬಿಟ್ಟೆ. ಇಪ್ಪತ್ತೆರಡು ಹೆಂಗಸರು, ನಾನೊಬ್ಬ ಗಂಡಸು, ಅರವತ್ತನಾಲ್ಕು ವಯಸ್ಸು. ನಾನು ನಿನ್ನನ್ನು ನೋಡಿ ನಕ್ಕ ಹಾಗೆ ಅಲ್ಲಿ ಯಾರೂ ನನ್ನನ್ನು ನೋಡಿ ನಗಲಿಲ್ಲ. ಇದನ್ನು ಸಂಗೀತಾಳಿಗೆ ಹೇಳಿದೆ. ಹನ್ನೊಂದು ವರ್ಷ ನಿನ್ನ ಜೊತೆ ಮಕ್ಕಳಿಗೆ ಉಣ್ಣಿಸಿದವಳು, ನೀನು ಹೋದ ಮೇಲೆ ಎರಡು ಮನೆಯ ಅಡುಗೆ ಹಿಡಿದಿದ್ದಳು. ಆಜೋಬಾ, ನೀವು ಪೂರ್ತಿ ಕಲಿತರೆ ನಾನು ವಾಪಸು ಬರುತ್ತೇನೆ, ಒಬ್ಬಳಿಂದ ಆಗುವುದಿಲ್ಲ ಎಂದಳು.

ಐದನೆಯ ಶನಿವಾರ ಒಂದು ಪಾಠ ಬಂತು, ಅದನ್ನು ನೀನೂ ಕೇಳಿರಬೇಕು. ಮಗುವಿನ ಜೊತೆ ಯಾವ ದೊಡ್ಡವರೂ ಒಬ್ಬರೇ ಇರಬಾರದು, ಬಾಗಿಲು ತೆರೆದಿರಬೇಕು, ಬಟ್ಟೆ ಬದಲಿಸುವಾಗ ಇನ್ನೊಬ್ಬರಿಗೆ ಕಾಣುವ ಹಾಗಿರಬೇಕು. ಮಿಸ್ ಅದನ್ನು ಓದುತ್ತಿದ್ದ ಹಾಗೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನಿಸಿತು. ನಿಜವಾಗಿ ಯಾರೂ ನೋಡಿರಲಿಲ್ಲವೋ ಏನೋ. ಮುಗಿದ ಮೇಲೆ ಲೀನಾ ಮಿಸ್ ಹತ್ತಿರ ಹೋಗಿ, ನಾನು ಮುಂದಿನ ವಾರದಿಂದ ಬರುವುದಿಲ್ಲ ಎಂದೆ. ಇಷ್ಟು ವಯಸ್ಸಾದ ಮೇಲೆ ಕಳ್ಳನ ಹಾಗೆ ಅನಿಸಿಕೊಳ್ಳುವುದು ಯಾಕೆ? ಅವರು ಬೇಸರಿಸಲಿಲ್ಲ. "ನಿಮ್ಮನ್ನು ನೋಡಿ ಮಾಡಿದ ನಿಯಮ ಅಲ್ಲ ಇದು ಅಂಕಲ್, ನನಗೂ ಇದೇ. ಯಾರು ಒಳ್ಳೆಯವರು ಅಂತ ಕಂಡುಹಿಡಿಯುವ ಕೆಲಸ ಮಗುವಿನದ್ದಲ್ಲ. ಅಷ್ಟೇ." ಲೋಕಲಿನಲ್ಲಿ ಬಾಗಿಲ ಹತ್ತಿರ ನಿಂತು ಅದನ್ನೇ ಯೋಚಿಸುತ್ತಾ ಬಂದೆ. ಅಂಧೇರಿ ಬರುವಷ್ಟರಲ್ಲಿ ಸಿಟ್ಟು ಇಳಿದಿತ್ತು.

ದೀಪಾವಳಿ ಕಳೆದ ಮೇಲೆ ಮೂರು ಮಕ್ಕಳಿಂದ ಮತ್ತೆ ಶುರು ಮಾಡಿದೆವು. ಮಕ್ಕಳ ಸ್ನಾನ, ಬಟ್ಟೆ ಎಲ್ಲ ಸಂಗೀತಾಳದ್ದು. ಅಡುಗೆ, ಆಟ, ಬಾಗಿಲು ನನ್ನದು. ಹೀಗೆಂದು ತಾಯಂದಿರಿಗೆ ಬರೆದೇ ಕೊಟ್ಟಿದ್ದೇವೆ. ಎರಡನೇ ಮಹಡಿಯವರು, ಗಂಡಸು ಇರುವಲ್ಲಿಗೆ ಕಳಿಸುವುದಿಲ್ಲ ಎಂದು ಬೇರೆ ಕಡೆ ನೋಡಿಕೊಂಡರು. ನಾನು ಬೇಸರ ಮಾಡಿಕೊಳ್ಳಲಿಲ್ಲ, ಅವರು ಯೋಚಿಸಿದ್ದು ಸರಿಯೇ. ಮೊದಲು ಬಂದವಳು ರೇವಾ. ಒಂದು ವಿಷಯ ಹೇಳಬೇಕು ನಿನಗೆ. ಅಳುವ ಮಗುವಿಗೆ ನೀನು ಕಿಟಕಿಯಲ್ಲಿ ಗಿಳಿ ತೋರಿಸುತ್ತಿದ್ದೆ, ತಾಯಿ ಸದ್ದಿಲ್ಲದೆ ಹೊರಗೆ ಜಾರಿಕೊಳ್ಳುತ್ತಿದ್ದಳು. ಈಗ ಹಾಗಿಲ್ಲ. ತಾಯಿ ಮಗುವಿನ ಮುಖ ನೋಡಿ, ನಾನು ಹೋಗುತ್ತೇನೆ, ನಿನ್ನ ಸಂಜೆಯ ಹಾಲು ಆದ ಮೇಲೆ ಬರುತ್ತೇನೆ ಎಂದು ಹೇಳಿಯೇ ಹೋಗಬೇಕು. ಆಗ ಮಗು ಜೋರಾಗಿ ಅಳುತ್ತದೆ. ಅತ್ತರೂ ಪರವಾಗಿಲ್ಲವಂತೆ. ಹೇಳದೆ ಹೋದರೆ ದಿನವಿಡೀ ಬಾಗಿಲು ಕಾಯುತ್ತದಂತೆ.

ರೇವಾ ಕಾಯುತ್ತಿದ್ದಳು, ಆದರೆ ತಾಯಿಯನ್ನಲ್ಲ. ಬಿಲ್ಡಿಂಗಿನಲ್ಲಿ ಯಾರಾದರೂ ಸೂಟ್‌ಕೇಸ್ ಎಳೆದುಕೊಂಡು ಬರುವ ಸದ್ದಾದರೆ ಆಟ ಬಿಟ್ಟು ಬಾಗಿಲಿಗೆ ಓಡುತ್ತಿದ್ದಳು. ಬೇರೆ ಯಾರೋ ಅಂತ ಗೊತ್ತಾದ ಮೇಲೆ ಏನೂ ಆಗದವಳ ಹಾಗೆ ಬಂದು ಕೂರುತ್ತಿದ್ದಳು. ನಾನೂ ಸಂಗೀತಾಳೂ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಏಪ್ರಿಲಿನಲ್ಲಿ ಒಂದು ಸಂಜೆ ಪ್ರಾಚಿ ಬಂದು ಕುರ್ಚಿಯಲ್ಲಿ ಕುಸಿದು ಕೂತಳು. ರಜೆಯಲ್ಲಿ ಸಾತಾರಾ ಕಡೆಯ ತಮ್ಮ ಊರಿಗೆ ಹೋಗುವುದೆಂದು ಟಿಕೆಟ್ ಮಾಡಿದ್ದಾರೆ, ಮಗು ಎರಡು ದಿನದಿಂದ ಊಟ ಬಿಟ್ಟಿದೆ. ಊರಿಗೆ ಹೋಗುವುದು ಬೇಡ, ಅಪ್ಪನೂ ಹೋಗಬಾರದು, ಯಾರೂ ಹೋಗಬಾರದು ಎಂದು ಬ್ಯಾಗಿನಿಂದ ಬಟ್ಟೆ ತೆಗೆದು ಎಸೆಯುತ್ತದೆಯಂತೆ. ಯಾಕೆ ಎಂದು ಕೇಳಿದರೆ ಮಗು ಹೇಳಿದ್ದು ಇಷ್ಟೇ: ಊರಿಗೆ ಹೋದವರು ವಾಪಸು ಬರುವುದಿಲ್ಲ.

ಆ ಶನಿವಾರ ಬಾಂದ್ರಾಕ್ಕೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ತರಬೇತಿ ಮುಗಿದಿದ್ದರೂ ತಿಂಗಳಿಗೊಮ್ಮೆ ಹಳಬರು ಸೇರಿ ತಮ್ಮ ತೊಡಕುಗಳನ್ನು ಹೇಳಿಕೊಳ್ಳುವ ದಿನ ಅದು. ಲೀನಾ ಮಿಸ್ ಸ್ಪಷ್ಟವಾಗಿ ಹೇಳಿದರು, ತಾಯಿಯ ಒಪ್ಪಿಗೆ ಪಡೆದು ಮಗುವಿಗೆ ನಿಜ ಹೇಳಬೇಕು, ಸಣ್ಣ ಮಾತಿನಲ್ಲಿ, ಸಮಾಧಾನದಲ್ಲಿ. "ತೀರಿಹೋದರು, ದೇವರ ಹತ್ತಿರ ಹೋದರು ಅಂತೆಲ್ಲ ಬೇಡ. ಮಗುವಿಗೆ ಅದೂ ಇನ್ನೊಂದು ಊರೇ. ನಿದ್ದೆ ಅಂತಲೂ ಹೇಳ್ಬೇಡಿ, ಮಲಗಲಿಕ್ಕೆ ಹೆದರ್ತದೆ. ಸತ್ತರು ಅಂತಲೇ ಹೇಳಿ." ನನ್ನಿಂದ ಆಗುವುದಿಲ್ಲ ಎಂದೆ. ಹಾಗಾದರೆ ಇಲ್ಲಿಯೇ ಒಮ್ಮೆ ಹೇಳಿ ನೋಡಿ ಅಂದರು. ಎದುರಿಗೆ ಧಾರಾವಿಯ ಒಬ್ಬ ಹೆಂಗಸು ರೇವಾ ಆಗಿ ಕೂತಳು. ನಾನು ಬಾಯಿ ತೆರೆದೆ. ವಾರಿಜಾ, ಆವಾಗ ನನಗೆ ಗೊತ್ತಾಯಿತು, ಇಷ್ಟು ತಿಂಗಳಲ್ಲಿ ಆ ಮಾತನ್ನು ನಾನು ಯಾರ ಹತ್ತಿರವೂ ಆಡಿರಲಿಲ್ಲ. ಹೋದಳು ಎಂದಿದ್ದೆ, ಇಲ್ಲ ಎಂದಿದ್ದೆ. ಬ್ಯಾಂಕಿನಲ್ಲಿ, ರೇಷನ್ ಆಫೀಸಿನಲ್ಲಿ ಸುಮ್ಮನೆ ಕಾಗದ ಮುಂದೆ ತಳ್ಳಿದ್ದೆ. ಮೂರನೆಯ ಸಲಕ್ಕೆ ಮಾತು ಹೊರಗೆ ಬಂತು. ರೇವಾ ಆಗಿ ಕೂತಿದ್ದ ಹೆಂಗಸು ಎದ್ದು ಹೋಗಿ ನನಗೆ ಒಂದು ಲೋಟ ನೀರು ತಂದಳು.

ಸೋಮವಾರ ಬೆಳಿಗ್ಗೆ ಹಣ್ಣು ತಿಂದು ಮಕ್ಕಳೆಲ್ಲ ಚಾಪೆಯ ಮೇಲೆ ಆಡುತ್ತಿದ್ದರು. ಬಾಗಿಲು ತೆರೆದಿತ್ತು, ಸಂಗೀತಾ ಪಕ್ಕದಲ್ಲೇ ಬಟಾಣಿ ಸುಲಿಯುತ್ತಾ ಕೂತಿದ್ದಳು. ಪ್ರಾಚಿ ಹಿಂದಿನ ದಿನವೇ ಒಪ್ಪಿದ್ದಳು, ತಾನೂ ಇರುತ್ತೇನೆ ಎಂದು ಅರ್ಧ ದಿನ ರಜೆ ಹಾಕಿ ಗೋಡೆಗೆ ಒರಗಿ ನಿಂತಿದ್ದಳು. ನಾನು ನೆಲದ ಮೇಲೆ ರೇವಾಳ ಎದುರು ಕೂತೆ. ನನ್ನ ಹರಕು ಮರಾಠಿಯಲ್ಲಿ ಹೇಳಿದೆ, "ರೇವಾ, ನಾನು ನಿನಗೆ ಒಂದು ಮಾತು ತಪ್ಪು ಹೇಳಿದ್ದೆ. ಆಜಿ ಊರಿಗೆ ಹೋಗಿಲ್ಲ. ಆಜಿಗೆ ತುಂಬಾ ದೊಡ್ಡ ಕಾಯಿಲೆ ಬಂತು. ಡಾಕ್ಟರು ಮದ್ದು ಕೊಟ್ಟರು, ಆದರೂ ಗುಣವಾಗಲಿಲ್ಲ. ಆಜಿ ಸತ್ತುಹೋದಳು."

ಅವಳು ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು. ನಾಳೆ ಬರುತ್ತಾಳಾ ಎಂದು ಕೇಳಿದಳು. ಇಲ್ಲ, ಸತ್ತವರು ಮತ್ತೆ ಬರುವುದಿಲ್ಲ ಎಂದೆ. ಅವಳಿಗೆ ಹಸಿವಾಗುವುದಿಲ್ಲವಾ? ಇಲ್ಲ, ಶರೀರ ಕೆಲಸ ನಿಲ್ಲಿಸಿದ ಮೇಲೆ ಹಸಿವೂ ಇಲ್ಲ, ನೋವೂ ಇಲ್ಲ. ಊರಿಗೆ ಹೋದವರು? ಅವರು ಬರುತ್ತಾರೆ, ಊರು ಬೇರೆ, ಇದು ಬೇರೆ. ಡಬ್ಬಿಯ ಮುಚ್ಚಳ ಮತ್ತೆ ಹಾಕಿ ಅವಳು ತಲೆ ತಗ್ಗಿಸಿಕೊಂಡು ಕೇಳಿದಳು, "ನಾನು ಅನ್ನ ಚೆಲ್ಲಿದ್ದೆ, ಅದಕ್ಕಾ?" ನಿನಗೆ ಜ್ವರ ಬರುವ ಹಿಂದಿನ ದಿನ ಅವಳು ತಟ್ಟೆ ಚೆಲ್ಲಿದ್ದು, ನೀನು ಗದರಿದ್ದು ನನಗೆ ಮರೆತೇಹೋಗಿತ್ತು. ಒಂಬತ್ತು ತಿಂಗಳು ಆ ಮಗು ಅದನ್ನು ಒಳಗೇ ಇಟ್ಟುಕೊಂಡಿತ್ತು. ಅಲ್ಲ ಮಗಾ, ಅನ್ನ ಚೆಲ್ಲಿದರೆ ಯಾರೂ ಸಾಯುವುದಿಲ್ಲ, ಆಜಿಗೆ ನಿನ್ನ ಮೇಲೆ ಸಿಟ್ಟೇ ಇರಲಿಲ್ಲ ಎಂದೆ. ಹೇಳುತ್ತಿದ್ದ ಹಾಗೆ ನನಗೆ ಅಳು ಬಂತು, ತಡೆಯಲಿಲ್ಲ. ಅವಳು ನನ್ನ ಮುಖವನ್ನು ಹತ್ತಿರದಿಂದ ನೋಡಿದಳು, ಆಮೇಲೆ ಎದ್ದು ಹೋಗಿ ತಾಯಿಯ ಮಡಿಲು ಹತ್ತಿದಳು. ಆಮೇಲಿನ ದಿನಗಳಲ್ಲಿ ಮತ್ತೆ ಮತ್ತೆ ಅದೇ ಪ್ರಶ್ನೆಗಳು. ಊಟದ ನಡುವೆ, ಆಟದ ನಡುವೆ. ಪ್ರತಿ ಸಲವೂ ಅದೇ ಉತ್ತರ ಕೊಟ್ಟೆ. ಮೇ ತಿಂಗಳಲ್ಲಿ ಊರಿಗೆ ಹೋದಳು, ಹದಿನೈದು ದಿನ ಇದ್ದು ಬಂದಳು.

ಮಗುವಿಗೆ ನಿಜ ಹೇಳಿದ ಮೇಲೆ ನನ್ನ ಹತ್ತಿರ ಇನ್ನೊಂದು ಸುಳ್ಳು ಉಳಿಯಿತು. ಅಲ್ಲ, ಎರಡು. ಒಂದು ನಿನಗೆ ಹೇಳಿದ್ದು.

ಆಸ್ಪತ್ರೆಯ ಆ ಕೊನೆಯ ಮಧ್ಯಾಹ್ನ ನೀನು ಕಣ್ಣು ತೆರೆದು, "ಶ್ವೇತಾ ಬಂದಳಾ?" ಎಂದು ಕೇಳಿದೆ. ಬಂದಿದ್ದಾಳೆ, ಮದ್ದು ತರಲಿಕ್ಕೆ ಕೆಳಗೆ ಹೋಗಿದ್ದಾಳೆ ಎಂದೆ. ಅವಳು ಆಗ ಆಫೀಸಿನಿಂದ ಹೊರಟು ಅಂಧೇರಿಯಲ್ಲಿ ಮೆಟ್ರೋದ ಕ್ಯೂನಲ್ಲಿ ನಿಂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ನೀನು ಮತ್ತೆ ಕೇಳಿದೆ. ಮತ್ತೆ ಅದನ್ನೇ ಹೇಳಿದೆ. ಮೂರನೆಯ ಸಲ ನೀನು ಕೇಳಲಿಲ್ಲ, ಬಾಗಿಲ ಕಡೆ ನೋಡಿದೆ, ಆಮೇಲೆ ನನ್ನನ್ನು ನೋಡಿದೆ. ನನ್ನ ಸುಳ್ಳು ನಿನಗೆ ಯಾವತ್ತು ತಿಳಿಯದೆ ಹೋಗಿದೆ? ನಾಲ್ಕೂ ಹತ್ತಕ್ಕೆ ನೀನು... ನೀನು ಸತ್ತೆ. ಶ್ವೇತಾ ಬಂದಾಗ, ಅಮ್ಮ ನಿದ್ದೆಯಲ್ಲೇ ಹೋದಳು, ಏನೂ ಕೇಳಲಿಲ್ಲ ಎಂದುಬಿಟ್ಟೆ. ತಡವಾಗಿ ಬಂದೆ ಎಂದು ಜೀವಮಾನವಿಡೀ ಕೊರಗುತ್ತಾಳೆ ಎಂದು ಹಾಗೆ ಹೇಳಿದ್ದು. ಅವಳು ಕೊರಗಿದ್ದು ಬೇರೆಯದಕ್ಕೆ. ಸಣ್ಣವಳಿರುವಾಗ, ನಿನ್ನ ಮಡಿಲಲ್ಲಿ ಯಾವಾಗಲೂ ಯಾರದ್ದೋ ಮಕ್ಕಳು ಎಂದು ಅವಳು ಜಗಳ ಮಾಡುತ್ತಿದ್ದಳಲ್ಲ. ಅಮ್ಮನಿಗೆ ಕೊನೆಗೂ ನನ್ನ ನೆನಪು ಬರಲಿಲ್ಲ ಎಂದು ಗಂಡನ ಹತ್ತಿರ ಹೇಳಿದಳಂತೆ. ಅವನು ಹೋದ ತಿಂಗಳು ಮಾತಿನ ನಡುವೆ ನನಗೆ ಹೇಳಿದ.

ಮೊನ್ನೆ ಭಾನುವಾರ ಬೊರಿವಲಿಯ ಅವಳ ಮನೆಗೆ ಹೋದೆ. ಅಳಿಯ ಮಾರ್ಕೆಟಿಗೆ ಹೋಗಿದ್ದ, ಶ್ವೇತಾ ಬೀನ್ಸ್ ಕತ್ತರಿಸುತ್ತಿದ್ದಳು. ಬಿ.ಪಿ. ಮಾತ್ರೆ ಸರಿಯಾಗಿ ತಗೊಳ್ತೀರಾ ಪಪ್ಪ ಎಂದು ಎಂದಿನ ಹಾಗೆ ಕೇಳಿದಳು. ಮಾತ್ರೆಯ ಮಾತು ಮುಗಿಸಿ, ಅವಳ ಎದುರಿನ ಸ್ಟೂಲಿನಲ್ಲಿ ಕೂತು ಎಲ್ಲವನ್ನೂ ಹೇಳಿದೆ. ನೀನು ಕೇಳಿದ್ದು, ನಾನು ಹೇಳಿದ್ದು, ನೀನು ಬಾಗಿಲು ನೋಡಿದ್ದು. ಅವಳು ಚಾಕು ಕೆಳಗಿಟ್ಟಳು. "ಇಷ್ಟು ದಿನ ಯಾಕೆ ಹೇಳ್ಲಿಲ್ಲ ಪಪ್ಪ? ನನ್ಗೆ ಒಂದ್ ವರ್ಷದಿಂದ ಅದೇ ತಲೇಲಿ ಉಂಟು." ಸಿಟ್ಟಿನಲ್ಲಿ ಎದ್ದು ಬಾಲ್ಕನಿಗೆ ಹೋದಳು. ನಾನು ಹಿಂದೆ ಹೋಗಲಿಲ್ಲ, ಹೊರಟೂ ಬರಲಿಲ್ಲ. ಕೂತೇ ಇದ್ದೆ. ತುಂಬಾ ಹೊತ್ತಾದ ಮೇಲೆ ಒಳಗೆ ಬಂದಳು, ಕಣ್ಣು ಕೆಂಪಾಗಿತ್ತು. "ಅಮ್ಮ ಎಕ್ಸಾಕ್ಟ್‌ಲಿ ಏನ್ ಹೇಳಿದ್ದು?" ಎಂದಳು.

"ಶ್ವೇತಾ ಬಂದಳಾ, ಅಂತ ಕೇಳಿದಳು" ಎಂದೆ.

ಊಟ ಬಡಿಸುವಾಗ ಮತ್ತೆ ಕೇಳಿದಳು. ಹೇಳಿದೆ. ಸ್ಟೇಷನ್ನಿನವರೆಗೆ ಬಿಡಲಿಕ್ಕೆ ಬಂದವಳು ರಿಕ್ಷಾದಲ್ಲಿ ಮತ್ತೆ ಕೇಳಿದಳು, ಎರಡು ಸಲ ಕೇಳಿದ್ದಾ ಅಥವಾ ಮೂರಾ ಎಂದು. ಬಾಯಿಬಿಟ್ಟು ಕೇಳಿದ್ದು ಎರಡು ಸಲ ಎಂದೆ. ಇವತ್ತು ಬೆಳಿಗ್ಗೆ ಆಫೀಸಿಗೆ ಹೋಗುವ ಲೋಕಲಿನಿಂದ ಫೋನ್ ಮಾಡಿ, ಆ ಗದ್ದಲದಲ್ಲಿ ಇನ್ನೊಮ್ಮೆ ಕೇಳಿದಳು. ಎಷ್ಟು ಸಲ ಕೇಳಿದರೂ ಹೇಳುತ್ತೇನೆ ವಾರಿಜಾ, ಬೇಸರಿಸುವುದಿಲ್ಲ.

ಅವಳಿಗೆ ಹೇಳಿಯಾಯಿತು. ಇನ್ನು ನಿನಗೆ ಹೇಳುವುದಿದೆ. ನೀನು ಹೋಗಿ ಮೂವತ್ತೈದು ನಿಮಿಷಕ್ಕೆ ಅವಳು ಮೆಟ್ಟಿಲು ಹತ್ತಿಕೊಂಡು ಬಂದಳು. ಲಿಫ್ಟಿಗೆ ಕಾದಿರಲಿಲ್ಲ. ಆಫೀಸಿನ ಐಡಿ ಕಾರ್ಡು ಕೊರಳಲ್ಲೇ ಇತ್ತು, ಕೂದಲು ಬಿಚ್ಚಿಹೋಗಿತ್ತು, ಒಂದು ಚಪ್ಪಲಿಯ ಪಟ್ಟಿ ಕಿತ್ತು ಅದನ್ನು ಕೈಯಲ್ಲಿ ಹಿಡಿದಿದ್ದಳು. ನರ್ಸ್ ತಡೆದರೂ ನಿಲ್ಲಲಿಲ್ಲ. ಮಂಚದ ಪಕ್ಕ ಕೂತು ನಿನ್ನ ಎರಡೂ ಪಾದಗಳನ್ನು ತನ್ನ ಮಡಿಲಿಗೆ ಎತ್ತಿಕೊಂಡು, ಕತ್ತಲಾಗುವವರೆಗೆ ಬಿಡಲಿಲ್ಲ.

ಬಂದಳು ವಾರಿಜಾ. ಶ್ವೇತಾ ಬಂದಳು.

ಇತಿ,
ನಿನ್ನ ಸದಾಶಿವ